ಯಾವ ವಯಸ್ಸಿಗೆ ಯಾವ ವಾಹಿನಿ? – ಮಕ್ಕಳ ದೂರದರ್ಶನದ ಇತಿಹಾಸದಿಂದ ಕೆಲವು ಪಾಠಗಳು

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಇಂಗ್ಲೆಂಡಿನಲ್ಲಿ ನೆಲೆಸಿದ್ದಾಳೆ. ಮಗಳಿಗೆ ಹತ್ತು ವರ್ಷ, ಮಗನಿಗೆ ನಾಲ್ಕು. ಈಚೆಗೆ ಪತ್ರ ಬರೆದವಳು ಕುಶಲೋಪರಿಯ ನಡುವೆ ಒಂದು ಪ್ರಶ್ನೆ ಕೇಳಿದ್ದಳು: "ಮೇಷ್ಟ್ರೇ, ಇಲ್ಲಿ ಬಿಬಿಸಿಯವರು ಚಿಕ್ಕವನಿಗೆ ಒಂದು ವಾಹಿನಿ, ದೊಡ್ಡವಳಿಗೆ ಇನ್ನೊಂದು ವಾಹಿನಿ ಎಂದು ಮಾಡಿದ್ದಾರೆ. ಎರಡೂ ಜನರ ಹಣದಿಂದ ನಡೆಯುವಂಥವು. ಮಕ್ಕಳಿಗೆ ಒಂದು ವಾಹಿನಿ ಸಾಲದೆ? ವಯಸ್ಸಿಗೊಂದು ಬೇಕೆ?"

ಬೇಕು ಎಂದೋ ಬೇಡ ಎಂದೋ ಒಂದು ಸಾಲಿನಲ್ಲಿ ಉತ್ತರಿಸಬಹುದಿತ್ತು. ಆದರೆ ಜೀವಮಾನವೆಲ್ಲ ಇತಿಹಾಸ ಪಾಠ ಮಾಡಿದವನಿಗೆ ಯಾವ ಪ್ರಶ್ನೆಯನ್ನು ಕೇಳಿದರೂ ಅದರ ಹುಟ್ಟಿನ ಕಡೆಗೆ ಮನಸ್ಸು ಓಡುತ್ತದೆ. ನಿಮ್ಮಲ್ಲಿ ಹಲವರು ಈಗ ತಂದೆತಾಯಿಗಳಾಗಿದ್ದೀರಿ, ಕೆಲವರು ಅಜ್ಜ-ಅಜ್ಜಿಯರೂ ಆಗಿದ್ದೀರಿ. ಆದುದರಿಂದ ಆಕೆಗೆ ಬರೆಯಬೇಕೆಂದುಕೊಂಡ ಉತ್ತರವನ್ನು ಇಲ್ಲಿ ಎಲ್ಲರಿಗಾಗಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಮಕ್ಕಳಿಗೆಂದೇ ಪ್ರಸಾರ ಮಾಡಬೇಕೆಂಬ ಆಲೋಚನೆ ದೂರದರ್ಶನಕ್ಕಿಂತ ಹಳೆಯದು. ಬಿಬಿಸಿ ರೇಡಿಯೋ 1922ರಲ್ಲಿ ಹುಟ್ಟಿದ ವರ್ಷವೇ 'ಚಿಲ್ಡ್ರನ್ಸ್ ಅವರ್' ಎಂಬ ಮಕ್ಕಳ ವೇಳೆ ಆರಂಭವಾಯಿತು. ಅದರಲ್ಲಿ ವಯಸ್ಸಿನ ವಿಂಗಡಣೆ ಇರಲಿಲ್ಲ. ಮಕ್ಕಳೆಂದರೆ ಮಕ್ಕಳು, ಅಷ್ಟೆ. 1950ರಲ್ಲಿ 'ಲಿಸನ್ ವಿತ್ ಮದರ್' ಎಂಬ ಪುಟ್ಟ ಕಾರ್ಯಕ್ರಮ ಬಂದಾಗ ಮೊದಲ ಗೆರೆ ಬಿತ್ತು. ಅದು ಶಾಲೆಗೆ ಇನ್ನೂ ಸೇರದ, ಐದು ವರ್ಷದೊಳಗಿನ ಕೂಸುಗಳಿಗಾಗಿ, ಮಧ್ಯಾಹ್ನದ ಊಟದ ಅನಂತರ, ಕಾಲು ಗಂಟೆಯ ಕಾಲ ಬರುತ್ತಿತ್ತು. ಹೆಸರನ್ನು ಗಮನಿಸಿರಿ: ತಾಯಿಯೊಡನೆ ಕೇಳು. ಕೂಸು ಒಂಟಿಯಾಗಿ ಕೇಳಬೇಕೆಂದು ಯಾರೂ ಬಯಸಿರಲಿಲ್ಲ. ಸ್ವಲ್ಪ ಕಾಲದಲ್ಲಿಯೇ ದೂರದರ್ಶನಕ್ಕೆ ಬಂದ ಗೊಂಬೆಯಾಟದ ಕಾರ್ಯಕ್ರಮಗಳಿಗೂ 'ವಾಚ್ ವಿತ್ ಮದರ್' ಎಂಬ ಹೆಸರೇ ನಿಂತಿತು.

ಆ ಕಾಲದ ಬ್ರಿಟನ್ನಿನ ಇನ್ನೊಂದು ಪದ್ಧತಿಯನ್ನು ಹೇಳಿದರೆ ನಿಮಗೆ ನಗು ಬರಬಹುದು. ಸಂಜೆ ಆರರಿಂದ ಏಳರವರೆಗೆ ದೂರದರ್ಶನವನ್ನೇ ನಿಲ್ಲಿಸಿಬಿಡುತ್ತಿದ್ದರು. ಪರದೆ ಖಾಲಿ. ಆ ಒಂದು ಗಂಟೆಯಲ್ಲಿ ತಾಯಂದಿರು ಎಳೆಯ ಮಕ್ಕಳನ್ನು ಮಲಗಿಸಬೇಕು, ದೊಡ್ಡ ಮಕ್ಕಳು ಮನೆಪಾಠ ಬರೆಯಬೇಕು ಎಂಬುದು ಉದ್ದೇಶ. ಇದಕ್ಕೆ 'ಎಳೆಯರ ಕದನವಿರಾಮ' ಎಂಬರ್ಥದ ಹೆಸರಿತ್ತು. ಜಾಹೀರಾತಿನಿಂದ ಬದುಕುವ ಖಾಸಗಿ ವಾಹಿನಿ ಬಂದ ಮೇಲೆ ಒಂದು ಗಂಟೆಯ ಮೌನವೆಂದರೆ ಒಂದು ಗಂಟೆಯ ನಷ್ಟ ಎಂಬ ಲೆಕ್ಕ ಮುಂದೆ ಬಂದು, 1957ರ ಫೆಬ್ರುವರಿಯಲ್ಲಿ ಈ ವಿರಾಮ ಕೊನೆಗೊಂಡಿತು. ಇಂದು ಇದು ವಿಚಿತ್ರವೆನಿಸಿದರೂ ಇದರೊಳಗೆ ಒಂದು ತತ್ತ್ವವಿದೆ. ಮಗುವಿನ ವಯಸ್ಸನ್ನು ಮೊದಲು ಗುರುತಿಸಿದ್ದು ವಾಹಿನಿಯಲ್ಲ, ಗಡಿಯಾರ.

ಮುಂದಿನ ನಾಲ್ಕು ದಶಕ ಈ ಗಡಿಯಾರದ ಪದ್ಧತಿಯೇ ನಡೆಯಿತು. 1958ರ ಅಕ್ಟೋಬರ್‌ನಲ್ಲಿ 'ಬ್ಲೂ ಪೀಟರ್' ಆರಂಭವಾಯಿತು. ಅದು ಶಾಲೆಗೆ ಹೋಗುವ ಮಕ್ಕಳಿಗಾಗಿ. 1964ರ ಏಪ್ರಿಲ್‌ನಲ್ಲಿ ಶಾಲಾಪೂರ್ವ ಮಕ್ಕಳಿಗಾಗಿ 'ಪ್ಲೇ ಸ್ಕೂಲ್' ಬಂದಿತು. ಇದರ ಆರಂಭದ ಕಥೆ ಸ್ವಾರಸ್ಯಕರವಾದುದು. ಬಿಬಿಸಿ ಎರಡನೆಯ ವಾಹಿನಿಯ ಉದ್ಘಾಟನೆಯ ರಾತ್ರಿ ಲಂಡನ್ನಿನಲ್ಲಿ ವಿದ್ಯುತ್ ಕೈಕೊಟ್ಟು ಸಂಭ್ರಮದ ಕಾರ್ಯಕ್ರಮಗಳೆಲ್ಲ ರದ್ದಾದವು. ಮರುದಿನ ಬೆಳಗ್ಗೆ ಆ ಹೊಸ ವಾಹಿನಿಯಲ್ಲಿ ಯೋಜನೆಯಂತೆ ಮೊದಲು ಮೂಡಿದ ಕಾರ್ಯಕ್ರಮವೇ ಕೂಸುಗಳ 'ಪ್ಲೇ ಸ್ಕೂಲ್'. ದೊಡ್ಡವರ ಹಬ್ಬ ಕತ್ತಲಲ್ಲಿ ಮುಗಿದರೆ ಚಿಕ್ಕವರ ಆಟ ಬೆಳಕಿನಲ್ಲಿ ಶುರುವಾಯಿತು.

1972ರಲ್ಲಿ ಜಾನ್ ಕ್ರೇವನ್ ಅವರ 'ನ್ಯೂಸ್‌ರೌಂಡ್' ಬಂದಿತು. ಮಕ್ಕಳಿಗೂ ಸುದ್ದಿ ಬೇಕು, ಅವರಿಗೆ ತಿಳಿಯುವ ಮಾತಿನಲ್ಲಿ ಬೇಕು ಎಂಬುದು ಆಗ ಹೊಸ ವಿಚಾರ. 1986ರ ಜನವರಿ 28ರಂದು ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಗಗನಕ್ಕೇರಿದ ಸ್ವಲ್ಪ ಹೊತ್ತಿನಲ್ಲಿಯೇ ಸಿಡಿದು ಏಳು ಮಂದಿ ಮಡಿದರು. ಅವರಲ್ಲಿ ಒಬ್ಬರು ಶಾಲಾ ಶಿಕ್ಷಕಿ ಎಂಬುದನ್ನು ನಾನು ತರಗತಿಯಲ್ಲಿ ಹೇಳಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ಸುದ್ದಿಯನ್ನು ಬ್ರಿಟಿಷ್ ದೂರದರ್ಶನದಲ್ಲಿ ಮೊತ್ತಮೊದಲು ಹೇಳಿದ್ದು ಮಕ್ಕಳ ಸುದ್ದಿಯಾದ ಈ 'ನ್ಯೂಸ್‌ರೌಂಡ್'. ಹತ್ತು ವರ್ಷದ ಮಗುವಿಗೆ ಅಂಥ ಸುದ್ದಿಯನ್ನು ತಾಳಿಕೊಳ್ಳುವ ಮನಸ್ಸು ಬೆಳೆದಿರುತ್ತದೆ. ಯಾರಾದರೂ ಜೊತೆಗಿದ್ದು ವಿವರಿಸಿದರೆ ಸಾಕು. ಮೂರು ವರ್ಷದ ಮಗುವಿಗೆ ಅದನ್ನು ಹೇಳುವುದಾದರೂ ಹೇಗೆ?

ವಯಸ್ಸಿಗೆ ತಕ್ಕ ವಿಂಗಡಣೆ ಬೇಕೆನ್ನುವವರ ವಾದದ ಬೇರು ಇಲ್ಲಿದೆ. ಎರಡು ಮೂರು ವರ್ಷದ ಕೂಸಿಗೆ ಪುನರಾವರ್ತನೆಯೇ ಆನಂದ. ಒಂದೇ ಕಥೆಯನ್ನು ಹತ್ತು ರಾತ್ರಿ ಕೇಳುತ್ತದೆ. ಒಂದು ಪದ ಬದಲಾಯಿಸಿದರೂ ತಿದ್ದುತ್ತದೆ. 1997ರಲ್ಲಿ ಬಿಬಿಸಿ ಆರಂಭಿಸಿದ 'ಟೆಲಿಟಬ್ಬೀಸ್' ಕಾರ್ಯಕ್ರಮದಲ್ಲಿ ನಡುವೆ ಬರುವ ಪುಟ್ಟ ಚಿತ್ರವನ್ನು ಮುಗಿದ ಕೂಡಲೇ ಮತ್ತೊಮ್ಮೆ ಪೂರ್ತಿಯಾಗಿ ತೋರಿಸುತ್ತಿದ್ದರು. ದೊಡ್ಡವರು ಹುಬ್ಬು ಗಂಟಿಕ್ಕಿದರು, ಕೂಸುಗಳು ಕುಣಿದವು. ಆದರೆ ಅದೇ ಚಿತ್ರವನ್ನು ಎಂಟು ವರ್ಷದವನ ಮುಂದೆ ಎರಡು ಬಾರಿ ಹಾಕಿ ನೋಡಿರಿ, ಎದ್ದು ಹೋಗುತ್ತಾನೆ. ಇಷ್ಟು ಮಾತ್ರವಲ್ಲ, ಅವನಿಗೆ ಅವಮಾನವೂ ಆಗುತ್ತದೆ. ಎಂಟು ವರ್ಷದವನಿಗೆ ತಾನು ಕೂಸಲ್ಲ ಎಂದು ತೋರಿಸಿಕೊಳ್ಳುವುದಕ್ಕಿಂತ ದೊಡ್ಡ ಕೆಲಸ ಬೇರೊಂದಿಲ್ಲ. ಐದನೆಯ ತರಗತಿಯ ಹುಡುಗನನ್ನು ಶಿಕ್ಷೆಗಾಗಿ ಒಂದನೆಯ ತರಗತಿಯಲ್ಲಿ ಕೂರಿಸುವ ಪದ್ಧತಿ ಹಿಂದೆ ಕೆಲವು ಶಾಲೆಗಳಲ್ಲಿತ್ತು. ಅವನ ಮುಖವನ್ನು ಕಂಡವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ತಂತ್ರಜ್ಞಾನ ಬದಲಾದಾಗ ಈ ವಾದಕ್ಕೆ ಬಲ ಬಂದಿತು. ಡಿಜಿಟಲ್ ಪ್ರಸಾರದಲ್ಲಿ ಹಿಂದೆ ಒಂದು ವಾಹಿನಿ ಹಿಡಿಯುತ್ತಿದ್ದ ಜಾಗದಲ್ಲಿ ಹಲವು ವಾಹಿನಿಗಳು ಹಿಡಿಯತೊಡಗಿದವು. 2002ರ ಫೆಬ್ರುವರಿ 11ರಂದು ಬಿಬಿಸಿ ಒಂದೇ ದಿನ ಎರಡು ಮಕ್ಕಳ ವಾಹಿನಿಗಳನ್ನು ಆರಂಭಿಸಿತು: ಆರು ವರ್ಷದೊಳಗಿನವರಿಗೆ 'ಸಿಬೀಬೀಸ್', ಅದಕ್ಕೂ ಮೇಲ್ಪಟ್ಟು ಸುಮಾರು ಹನ್ನೆರಡರವರೆಗಿನವರಿಗೆ 'ಸಿಬಿಬಿಸಿ'. ಎರಡರಲ್ಲಿಯೂ ಜಾಹೀರಾತಿಲ್ಲ. ಎರಡೂ ಸಂಜೆ ಏಳಕ್ಕೆ ಮುಗಿದು, ಅದೇ ಜಾಗವನ್ನು ರಾತ್ರಿ ದೊಡ್ಡವರ ವಾಹಿನಿಗಳಿಗೆ ಬಿಟ್ಟುಕೊಡುವ ಏರ್ಪಾಡು. ಸಿಬೀಬೀಸ್ ಮಲಗುವ ಕಥೆಯೊಂದನ್ನು ಹೇಳಿ ಮುಗಿಯುವುದು ವಾಡಿಕೆಯಾಯಿತು. ಹಳೆಯ ಕದನವಿರಾಮದ ನೆರಳು ಇದರಲ್ಲಿ ನನಗೆ ಕಾಣುತ್ತದೆ.

ಇದರಿಂದ ಲಾಭವಾಯಿತೇ ಎಂದರೆ ನಿಸ್ಸಂದೇಹವಾಗಿ ಆಯಿತು. ನಾಲ್ಕು ವರ್ಷದ ಮಗುವನ್ನು ಪರದೆಯ ಮುಂದೆ ಕೂರಿಸಿ ಅಡುಗೆಮನೆಗೆ ಹೋದ ತಾಯಿಗೆ, ಮುಂದಿನ ಕಾರ್ಯಕ್ರಮದಲ್ಲಿ ಏನು ಬಂದೀತೋ ಎಂಬ ಅಂಜಿಕೆ ತಪ್ಪಿತು. ವಾಹಿನಿಯೊಂದಿದ್ದರೆ ಅದಕ್ಕೊಂದು ಆಯವ್ಯಯ, ಅದಕ್ಕೆಂದೇ ದುಡಿಯುವ ಜನ, ಅದರ ಪರವಾಗಿ ಮಾತನಾಡುವ ಮುಖ್ಯಸ್ಥರು ಇರುತ್ತಾರೆ. ಇದು ಸಣ್ಣ ಮಾತಲ್ಲ. ಶಾಲೆಯಲ್ಲಿ ಗ್ರಂಥಾಲಯಕ್ಕೆ ಪ್ರತ್ಯೇಕ ಕೊಠಡಿ ಸಿಕ್ಕಿದ ಮೇಲೆಯೇ ಪುಸ್ತಕಕ್ಕೆ ಹಣ ಕೇಳುವ ಧೈರ್ಯ ಬರುವುದು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಹತ್ತು ವರ್ಷ ಕಳೆದ ಮೇಲೆ, 2012ರ ಡಿಸೆಂಬರ್‌ನಲ್ಲಿ, ಬಿಬಿಸಿಯ ಮುಖ್ಯ ವಾಹಿನಿಯಲ್ಲಿ ಸಂಜೆಯ ಹೊತ್ತು ದಶಕಗಳಿಂದ ಬರುತ್ತಿದ್ದ ಮಕ್ಕಳ ಕಾರ್ಯಕ್ರಮಗಳು ನಿಂತವು. ಎರಡನೆಯ ವಾಹಿನಿಯಲ್ಲಿ ಬರುತ್ತಿದ್ದವು ಮರುವರ್ಷದ ಆರಂಭದಲ್ಲಿ ನಿಂತವು. ಮಕ್ಕಳು ಹೇಗೂ ತಮ್ಮ ವಾಹಿನಿಗಳಲ್ಲಿಯೇ ನೋಡುತ್ತಿದ್ದಾರೆ ಎಂಬ ಕಾರಣ ತರ್ಕಬದ್ಧವಾಗಿಯೇ ಇತ್ತು. ಆದರೂ ಇತಿಹಾಸದ ದೃಷ್ಟಿಯಿಂದ ಅದು ದೊಡ್ಡ ಪಲ್ಲಟ. ಮನೆಯ ನಡುಕೋಣೆಯಲ್ಲಿ ಮಕ್ಕಳಿಗಿದ್ದ ಪಾಲು ಹೋಗಿ ಅವರಿಗೆ ಪಕ್ಕದ ಕೋಣೆ ಸಿಕ್ಕಿತು. ಕೋಣೆ ಚೆನ್ನಾಗಿತ್ತು ನಿಜ. ಆದರೆ ಪಕ್ಕದ ಕೋಣೆಯ ಬಾಗಿಲು ಹಾಕುವುದು ಸುಲಭ.

2022ರ ಮೇ ತಿಂಗಳಲ್ಲಿ ಆ ಬಾಗಿಲಿನ ಮಾತು ಬಂದೇಬಿಟ್ಟಿತು. ಬಿಬಿಸಿಯ ಮಹಾನಿರ್ದೇಶಕ ಟಿಮ್ ಡೇವಿ ಅವರು ಮುಂದಿನ ವರ್ಷಗಳಲ್ಲಿ ಸಿಬಿಬಿಸಿಯನ್ನು ಪ್ರಸಾರ ವಾಹಿನಿಯಾಗಿ ನಡೆಸುವುದನ್ನು ಬಿಟ್ಟು ಅಂತರಜಾಲಕ್ಕೆ ಸಾಗಿಸುವ ಯೋಜನೆಯನ್ನು ಪ್ರಕಟಿಸಿದರು. ಆ ಪಟ್ಟಿಯಲ್ಲಿ ಕೂಸುಗಳ ಸಿಬೀಬೀಸ್ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಇದು ಬ್ರಿಟನ್ನಿನ ಒಂದೇ ಉದಾಹರಣೆಯಾಗಿದ್ದರೆ ಆಕಸ್ಮಿಕವೆನ್ನಬಹುದಿತ್ತು. ಡೆನ್ಮಾರ್ಕನ್ನು ನೋಡೋಣ. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಡಿಆರ್ 2009ರಲ್ಲಿ ಎಳೆಯರಿಗೆ 'ರಾಮಸ್ಯಾಂಗ್' ಎಂಬ ವಾಹಿನಿಯನ್ನೂ 2013ರಲ್ಲಿ ಅವರಿಗಿಂತ ದೊಡ್ಡವರಿಗೆ 'ಅಲ್ಟ್ರಾ' ಎಂಬುದನ್ನೂ ಆರಂಭಿಸಿತು. 2020ರ ಜನವರಿಯಲ್ಲಿ ಖರ್ಚು ಕಡಿತದ ಭಾಗವಾಗಿ ಅಲ್ಟ್ರಾ ಪ್ರಸಾರ ನಿಂತು ಅಂತರಜಾಲಕ್ಕೆ ಮಾತ್ರ ಸೀಮಿತವಾಯಿತು, ರಾಮಸ್ಯಾಂಗ್ ಉಳಿಯಿತು. ಆಸ್ಟ್ರೇಲಿಯದಲ್ಲಿಯೂ ಎಬಿಸಿ ಸಂಸ್ಥೆ ಕೂಸುಗಳ ಕಾರ್ಯಕ್ರಮಗಳನ್ನು ಬೇರೆ ಇಟ್ಟುಕೊಂಡೇ 2009ರ ಡಿಸೆಂಬರ್‌ನಲ್ಲಿ ದೊಡ್ಡ ಮಕ್ಕಳಿಗೆ 'ಎಬಿಸಿ 3' ತೆರೆಯಿತು. ಅದು 2016ರಲ್ಲಿ 'ಎಬಿಸಿ ಮಿ' ಆಯಿತು. 2024ರ ಜೂನ್‌ನಲ್ಲಿ 'ಎಬಿಸಿ ಫ್ಯಾಮಿಲಿ' ಎಂದು ಹೆಸರು ಬದಲಾಗಿ ಮನೆಮಂದಿಯೆಲ್ಲ ಕೂಡಿ ನೋಡುವ ವಾಹಿನಿಯ ರೂಪ ತಾಳಿತು.

ಮೂರು ದೇಶಗಳಲ್ಲಿ ಒಂದೇ ಬಗೆಯ ನಡೆ: ಎಳೆಯರ ವಾಹಿನಿ ನೆಲೆನಿಂತಿತು, ದೊಡ್ಡ ಮಕ್ಕಳದು ಅಲುಗಾಡಿತು. ಕಾರಣ ಊಹಿಸುವುದು ಕಷ್ಟವಲ್ಲ. ನಾಲ್ಕು ವರ್ಷದ ಮಗುವಿಗೆ ವಾಹಿನಿ ಹಾಕಿಕೊಡುವವರು ತಾಯಿತಂದೆ. ಅವರಿಗೆ ನಂಬಿಕೆಯ ಹೆಸರೊಂದು ಬೇಕು. ಹತ್ತು ವರ್ಷದವಳ ಕೈಗೆ ಮೊಬೈಲ್ ಬಂದಿದೆ. ಅವಳು ತನಗೆ ಬೇಕಾದುದನ್ನು ತಾನೇ ಹುಡುಕುತ್ತಾಳೆ. ಹಾಗೆ ಹುಡುಕುವಾಗ ಅವಳ ಒಳಿತನ್ನು ಬಯಸಿ ಯಾರಾದರೂ ತಯಾರಿಸಿದ ಕಾರ್ಯಕ್ರಮ ಸಿಗುವುದೇ ಎಂಬುದು ಈಗಿನ ನಿಜವಾದ ಪ್ರಶ್ನೆ.

ಜರ್ಮನಿ ಬೇರೆ ದಾರಿ ಹಿಡಿಯಿತು. ಎಆರ್‌ಡಿ ಮತ್ತು ಝಡ್‌ಡಿಎಫ್ ಎಂಬ ಅಲ್ಲಿನ ಎರಡು ಸಾರ್ವಜನಿಕ ಸಂಸ್ಥೆಗಳು ಕೂಡಿ 1997ರ ಜನವರಿ 1ರಂದು 'ಕಿಕಾ' ಎಂಬ ಒಂದೇ ವಾಹಿನಿಯನ್ನು ಎರ್ಫುರ್ಟ್ ನಗರದಿಂದ ಆರಂಭಿಸಿದವು. ಮೂರರಿಂದ ಹದಿಮೂರು ವರ್ಷದವರೆಗಿನ ಎಲ್ಲರಿಗೂ ಅದೊಂದೇ. ವಿಂಗಡಣೆ ಮತ್ತೆ ಗಡಿಯಾರದ ಮೂಲಕವೇ. ಸಂಜೆ 'ಸ್ಯಾಂಡ್‌ಮ್ಯಾನ್' ಬಂದು ಎಳೆಯರ ಕಣ್ಣಿಗೆ ನಿದ್ದೆಯ ಮರಳು ಎರಚಿ ಹೋಗುತ್ತಾನೆ. ಈತ 1959ರಲ್ಲಿ ಪೂರ್ವ ಜರ್ಮನಿಯಲ್ಲಿ ಹುಟ್ಟಿದವನು. ಹುಟ್ಟಿಸಿದ ದೇಶವೇ ಅಳಿದರೂ ಈ ಗೊಂಬೆ ಮಾತ್ರ ಅಳಿಯಲಿಲ್ಲ. ಅವನ ಹಿಂದೆಯೇ ದೊಡ್ಡ ಮಕ್ಕಳ ಕಾರ್ಯಕ್ರಮಗಳೂ 'ಲೋಗೋ' ಎಂಬ ಮಕ್ಕಳ ಸುದ್ದಿಯೂ ಬರುತ್ತವೆ. ಇದರ ಗುಣವೆಂದರೆ ಮಗು ಬೆಳೆದಂತೆ ವಾಹಿನಿ ಬದಲಿಸಬೇಕಾಗಿಲ್ಲ, ಮಲಗುವ ವೇಳೆ ಸ್ವಲ್ಪ ಮುಂದೆ ಹೋದರೆ ಸಾಕು. ದೋಷವೆಂದರೆ 'ಅದು ಚಿಕ್ಕವರ ವಾಹಿನಿ' ಎಂದು ಮೂಗು ಮುರಿಯುವ ಹನ್ನೆರಡರ ಹುಡುಗನನ್ನು ಹಿಡಿದಿಡುವುದು ಕಷ್ಟ.

ಈಗ ನಮ್ಮ ನಾಡಿಗೆ ಬರೋಣ. ಭಾರತದ ದೂರದರ್ಶನ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಒಂದು ಪ್ರಯೋಗವಾಗಿ ಹುಟ್ಟಿತು; 1961ರಲ್ಲಿಯೇ ಶಾಲಾ ಪಾಠಗಳನ್ನು ಬಿತ್ತರಿಸತೊಡಗಿತು. ಆದರೆ ಕನ್ನಡದ ಹಳ್ಳಿಯ ಮಗುವಿನ ಬಳಿಗೆ ದೂರದರ್ಶನ ಬಂದದ್ದು ಉಪಗ್ರಹದ ಮೂಲಕ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗವನ್ನು ಈಗಿನವರು ಮರೆತೇಬಿಟ್ಟಿದ್ದಾರೆ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಪ್ರಸಾರ. ಕರ್ನಾಟಕದಲ್ಲಿ ಆಯ್ಕೆಯಾದವು ಅಂದಿನ ಬಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ಬೆಂಗಳೂರಿಗೆ ಇನ್ನೂ ದೂರದರ್ಶನ ಕೇಂದ್ರವೇ ಇರಲಿಲ್ಲ. ಅದು ಬಂದದ್ದು 1981ರಲ್ಲಿ. ರಾಜಧಾನಿಯ ಮಕ್ಕಳು ಕಾಣದ ಪೆಟ್ಟಿಗೆಯನ್ನು ರಾಯಚೂರಿನ ಹಳ್ಳಿಯ ಮಕ್ಕಳು ಮೊದಲು ಕಂಡರು. ನಮ್ಮ ಇತಿಹಾಸದಲ್ಲಿ ಇಂಥ ನ್ಯಾಯ ಅಪರೂಪ.

ಬೆಳಗಿನ ಒಂದೂವರೆ ಗಂಟೆ ಮಕ್ಕಳಿಗೆ, ಸಂಜೆಯ ಎರಡೂವರೆ ಗಂಟೆ ದೊಡ್ಡವರಿಗೆ. ಬೆಳಗಿನ ವೇಳೆಯನ್ನು ಹಿಂದಿ, ಕನ್ನಡ, ತೆಲುಗು, ಒರಿಯಾ ಎಂಬ ನಾಲ್ಕು ಭಾಷೆಗಳು ಹಂಚಿಕೊಳ್ಳಬೇಕಾಗಿದ್ದುದರಿಂದ ಕನ್ನಡದ ಮಕ್ಕಳ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ. ಐದರಿಂದ ಹನ್ನೆರಡು ವರ್ಷದ ಎಲ್ಲರೂ ಆ ಒಂದೇ ಪೆಟ್ಟಿಗೆಯ ಮುಂದೆ. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನೆರೆಯ ಹಳ್ಳಿಯ ಶಾಲೆಗೆ ಬಂದಿದ್ದ ಆ ಪೆಟ್ಟಿಗೆಯನ್ನೂ, ಅಂಗಳದಲ್ಲಿ ಕೋಳಿಗೂಡಿನ ಜಾಲರಿಯಂತಿದ್ದ ದೊಡ್ಡ ಆಂಟೆನಾವನ್ನೂ ನೋಡಲು ಒಮ್ಮೆ ಹೋಗಿದ್ದೆ. ಮುಂದಿನ ಸಾಲಿನ ಚಿಕ್ಕವರು ಚಿತ್ರ ನೋಡುತ್ತಿದ್ದರು. ಹಿಂದಿನ ಸಾಲಿನ ದೊಡ್ಡವರು ಮಾತು ಕೇಳುತ್ತಿದ್ದರು. ಮುಗಿದ ಮೇಲೆ ಅಕ್ಕಂದಿರು ತಂಗಿಯರಿಗೆ ಅರ್ಥ ಬಿಡಿಸಿ ಹೇಳುತ್ತ ಹೊರಟರು. ಒಂದೇ ಕಾರ್ಯಕ್ರಮದಿಂದ ಎರಡು ವಯಸ್ಸಿನವರು ಎರಡು ಬಗೆಯಲ್ಲಿ ಕಲಿಯುವುದನ್ನು ನಾನು ನೋಡಿದ್ದು ಅಲ್ಲಿ.

ಮುಂದೆ 1983ರಲ್ಲಿ ನಮ್ಮದೇ ಇನ್ಸಾಟ್-1ಬಿ ಉಪಗ್ರಹ ಬಂದ ಮೇಲೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ಐದರಿಂದ ಎಂಟು ಮತ್ತು ಒಂಬತ್ತರಿಂದ ಹನ್ನೊಂದು ಎಂದು ಎರಡು ವಯೋಮಾನಕ್ಕೆ ಬೇರೆ ಬೇರೆಯಾಗಿ ತಯಾರಿಸತೊಡಗಿದರು. ಬ್ರಿಟನ್ನಿನ ಎರಡು ವಾಹಿನಿಗಳಿಗಿಂತ ಸುಮಾರು ಎರಡು ದಶಕ ಮೊದಲೇ ನಮ್ಮವರು ವಯಸ್ಸಿನ ಗೆರೆ ಎಳೆದಿದ್ದರು! ಆದರೆ ಆ ಯೋಜನೆಯ ಭಾಷೆಗಳಲ್ಲಿ ಹಿಂದಿ, ಮರಾಠಿ, ಗುಜರಾತಿ, ಒರಿಯಾ, ತೆಲುಗು ಇದ್ದವು; ಕನ್ನಡ ಇರಲಿಲ್ಲ. ವಿಂಗಡಣೆ ಎಷ್ಟು ಶಾಸ್ತ್ರೀಯವಾಗಿದ್ದರೇನು? ತನ್ನ ಮಾತೇ ಕೇಳಿಸದ ಮಗುವಿಗೆ ವಯೋಮಾನದಿಂದ ಏನು ಪ್ರಯೋಜನ?

ವಿಂಗಡಣೆಯ ತುತ್ತತುದಿಯನ್ನು ಕಂಡದ್ದು 2020ರಲ್ಲಿ. ಕೊರೋನಾದಿಂದ ಶಾಲೆ ಮುಚ್ಚಿದಾಗ ಕೇಂದ್ರ ಸರ್ಕಾರ 'ಪಿಎಂ ಇ-ವಿದ್ಯಾ' ಯೋಜನೆಯಡಿ 'ಒಂದು ತರಗತಿ, ಒಂದು ವಾಹಿನಿ' ಎಂದು ಒಂದರಿಂದ ಹನ್ನೆರಡನೆಯ ತರಗತಿಯವರೆಗೆ ಹನ್ನೆರಡು ವಾಹಿನಿಗಳನ್ನು ಘೋಷಿಸಿತು. ಕರ್ನಾಟಕದಲ್ಲಿ 'ಸಂವೇದ' ಪಾಠಗಳು ಚಂದನ ವಾಹಿನಿಯಲ್ಲಿ ವೇಳಾಪಟ್ಟಿಯ ಪ್ರಕಾರ ಬಂದವು. ಹನ್ನೆರಡು ವಾಹಿನಿ ಹೆಚ್ಚೋ ಒಂದು ವಾಹಿನಿ ಹೆಚ್ಚೋ ಎಂದರೆ ಉತ್ತರ ಸುಲಭವೆನಿಸುತ್ತದೆ. ಆದರೆ ಮೂರು ಮಕ್ಕಳು, ಒಂದೇ ಟಿವಿ ಇರುವ ಮನೆಯನ್ನು ಊಹಿಸಿಕೊಳ್ಳಿರಿ. ಮೂವರ ಪಾಠ ಒಂದೇ ಗಳಿಗೆಯಲ್ಲಿ ಮೂರು ವಾಹಿನಿಗಳಲ್ಲಿ ಬಂದರೆ ಇಬ್ಬರಿಗೆ ಪಾಠವಿಲ್ಲ. ಒಂದರ ಬಳಿಕ ಒಂದು ಬಂದರೆ ಮೂವರಿಗೂ ಉಂಟು. ಬಡವರ ಮನೆಯಲ್ಲಿ ಗಡಿಯಾರವೇ ಹೆಚ್ಚು ನ್ಯಾಯವಂತ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಅಭಿಮತವನ್ನು ಹೇಳುತ್ತೇನೆ. ಆರು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕವಾದ, ಜಾಹೀರಾತಿಲ್ಲದ, ಬೇಲಿ ಹಾಕಿದ ಅಂಗಳ ಬೇಕು. ಅದನ್ನು ಕೊಡಬಲ್ಲವರು ಸಾರ್ವಜನಿಕ ಪ್ರಸಾರಕರೇ. ಮಗುವನ್ನು ಗಿರಾಕಿಯೆಂದು ಕಾಣುವವರಿಂದ ಅದನ್ನು ನಿರೀಕ್ಷಿಸಲಾಗದು. ಹಣವಿದ್ದರೆ ವಾಹಿನಿ, ಇಲ್ಲವಾದರೆ ನಿಶ್ಚಿತವಾದ ವೇಳೆ. ಆರರ ಮೇಲಿನವರಿಗೆ ಬೇರೆ ಕಾರ್ಯಕ್ರಮ, ಅದನ್ನೇ ತಿಳಿದ ಬೇರೆ ತಯಾರಕರು ಖಂಡಿತ ಬೇಕು. ಆದರೆ ಅವರನ್ನು ಮುಖ್ಯ ವಾಹಿನಿಯಿಂದ ಪೂರ್ತಿ ಹೊರಗಿಡಬಾರದು. ಬೆಳೆಯುವ ಮಗು ದೊಡ್ಡವರ ಜಗತ್ತಿನ ಕಡೆಗೆ ನಡೆಯುತ್ತಿರುತ್ತದೆ. ಆ ದಾರಿಯಲ್ಲಿ ಜೊತೆಗೆ ಕೂತು ನೋಡುವವರು ಬೇಕು.

ಅಮೆರಿಕದಲ್ಲಿ 1969ರಲ್ಲಿ 'ಸೆಸಮಿ ಸ್ಟ್ರೀಟ್' ಕಟ್ಟಿದವರು ಇದನ್ನು ಅರಿತಿದ್ದರು. ಕೂಸುಗಳ ಕಾರ್ಯಕ್ರಮದೊಳಗೆ ದೊಡ್ಡವರೂ ನಗುವಂಥ ಮಾತುಗಳನ್ನು ಬೇಕೆಂದೇ ಸೇರಿಸಿದರು, ತಾಯಿತಂದೆ ಪಕ್ಕದಲ್ಲಿ ಕೂರಲಿ ಎಂದು. ನಮ್ಮಲ್ಲಿ ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರಿಸಿದ 'ಮಾಲ್ಗುಡಿ ಡೇಸ್' ಯಾವ ವಯೋಮಾನದ್ದು? ಸ್ವಾಮಿಯ ತುಂಟತನಕ್ಕೆ ಹುಡುಗರು ನಕ್ಕರೆ, ಅವನ ಅಜ್ಜಿಯ ಮುಖ ಕಂಡು ಮನೆಯ ಅಜ್ಜಿಯರು ಕಣ್ಣೊರೆಸಿಕೊಂಡರು. ಶಿಕ್ಷಣದಲ್ಲಿಯೂ ಇದಕ್ಕೆ ಸಾಕ್ಷಿಯಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಚಿಕ್ಕ ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಪ್ರತಿಯೊಬ್ಬರೂ ತಮ್ಮ ಮೆಟ್ಟಿಲಿನಲ್ಲಿ ಕಲಿಯುವಂತೆ ಮಾಡಿತು. ಕೋಣೆ ಒಂದೇ, ಮೆಟ್ಟಿಲು ಬೇರೆ ಬೇರೆ.

ಕನ್ನಡದ ಮಟ್ಟಿಗಂತೂ ವಾಹಿನಿಗಳ ಸಂಖ್ಯೆಯ ಚರ್ಚೆ ಆಮೇಲಿನದು. ಮೊದಲು ಬೇಕಾದುದು ಕನ್ನಡದಲ್ಲಿ ಕನ್ನಡದ ಮಕ್ಕಳಿಗಾಗಿಯೇ ಹುಟ್ಟಿದ ಕಾರ್ಯಕ್ರಮ. ಬೇರೆ ದೇಶದ ಚಿತ್ರಕ್ಕೆ ನಮ್ಮ ಮಾತನ್ನು ಅಂಟಿಸಿದರೆ ತುಟಿಯೂ ಕೂಡುವುದಿಲ್ಲ, ಮನಸ್ಸೂ ಕೂಡುವುದಿಲ್ಲ. ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ ಸಿಕ್ಕರೂ ಅದು ನಮ್ಮ ಹಿತ್ತಿಲು, ನಮ್ಮ ಮಳೆ, ನಮ್ಮ ಶಾಲೆಯದಾಗಿರಲಿ. ಅದನ್ನು ಮಾಡಬಲ್ಲವರು ನಿಮ್ಮಲ್ಲಿಯೇ ಇದ್ದೀರಿ. ಕೆಲವರು ಚಿತ್ರ ಬರೆಯುತ್ತೀರಿ, ಕೆಲವರು ಕಥೆ ಹೇಳುತ್ತೀರಿ, ಕಂಪ್ಯೂಟರ್ ಬಲ್ಲವರಂತೂ ಬೇಕಾದಷ್ಟು ಮಂದಿ.

ಅಲ್ಲಿಯವರೆಗೆ ಒಂದು ಮಾತನ್ನು ನಡೆಸಿಕೊಡಿರಿ. ಮಕ್ಕಳು ನೋಡುತ್ತಿರುವುದು ಯಾವ ವಾಹಿನಿಯೇ ಆಗಲಿ, ಯಾವ ಪರದೆಯೇ ಆಗಲಿ, ದಿನಕ್ಕೆ ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ, ಅದರಲ್ಲಿ ಏನು ನಡೆಯಿತೆಂದು ಅವರನ್ನೇ ಕೇಳಿರಿ. ಅವರು ಹೇಳಿದ್ದರಲ್ಲಿ ಸ್ವಾರಸ್ಯವಾದುದಿದ್ದರೆ ನನಗೂ ಎರಡು ಸಾಲು ಬರೆಯಿರಿ.